‘ಒಳಗೇ ಇತ್ತು’ ಎಂಬುದು ಖಳನ ವಾದ

ಪರರ ಭಾವನೆಗಳನ್ನು ಆಡಿಸುವ ಕಾಮಿಕ್ ಖಳನಾಯಕರ ಬಗ್ಗೆ ಒಂದು ಮಾತು ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅವರು ಏನನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ, ಮನುಷ್ಯನ ಒಳಗೆ ಅದುಮಿಟ್ಟದ್ದನ್ನು ಹೊರಗೆ ತರುತ್ತಾರೆ ಅಷ್ಟೇ ಎಂಬುದು ಆ ಮಾತು. ಓದುಗರು ಹೀಗೆನ್ನುತ್ತಾರೆ, ವಿಮರ್ಶಕರು ಹೀಗೆನ್ನುತ್ತಾರೆ, ಎಷ್ಟೋ ಸಲ ಕಥೆಗಾರರೇ ಹೀಗೆ ಬರೆದಿದ್ದಾರೆ. ದ್ವೇಷದ ಕಿರಣ ತಗುಲಿದವಳು ಗಂಡನ ಮೇಲೆ ಎರಗಿದರೆ, ಆ ಸಿಟ್ಟು ಅವಳದೇ, ಎಂದಿನಿಂದಲೋ ಒಳಗೆ ಕುದಿಯುತ್ತಿತ್ತು ಎನ್ನುತ್ತಾರೆ. ಯಂತ್ರದ ಬಲದಿಂದ ಒಲಿಸಿಕೊಂಡವಳಿಗೂ ಅವನ ಮೇಲೆ ಸ್ವಲ್ಪ ಮನಸ್ಸಿದ್ದಿರಬೇಕು ಎನ್ನುತ್ತಾರೆ. ಈ ವ್ಯಾಖ್ಯಾನಕ್ಕೆ ಮನಶ್ಶಾಸ್ತ್ರದ ಗಾಂಭೀರ್ಯವಿದೆ, ಆಳವಾಗಿ ಓದಿದೆವು ಎಂಬ ತೃಪ್ತಿಯನ್ನೂ ಅದು ಕೊಡುತ್ತದೆ. ಆದರೆ ಇದು ತಪ್ಪು, ಅನ್ಯಾಯವೂ ಹೌದು. ಅಪರಾಧಿಯ ಹೊರೆಯನ್ನು ಬಲಿಯಾದವರ ಬೆನ್ನಿಗೆ ಹೊರಿಸುವ ಈ ವಾದವನ್ನು ಮೊದಲು ಹೂಡಿದವನು ಖಳನೇ. ಅದನ್ನು ತೋರಿಸಲು ದೂರ ಹೋಗಬೇಕಿಲ್ಲ, ಕಥೆಗಳನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಸಾಕು.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1967ರ ‘ಫೆಂಟಾಸ್ಟಿಕ್ ಫೋರ್’ ವಾರ್ಷಿಕ ಸಂಚಿಕೆಯಲ್ಲಿ ಸೈಕೋ-ಮ್ಯಾನ್ ಎಂಬ ಖಳನನ್ನು ತಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಲೋಕವೊಂದರಿಂದ ಬಂದ ಅವನು ಭಾರಿ ಕವಚವೊಂದರೊಳಗೆ ಕೂತು ನಮ್ಮ ಲೋಕದಲ್ಲಿ ಓಡಾಡುತ್ತಾನೆ. ಅವನ ಬಲವೆಲ್ಲ ಇರುವುದು ಕೈಯಲ್ಲಿ ಹಿಡಿದ ಒಂದು ಪೆಟ್ಟಿಗೆಯಲ್ಲಿ. ಅದಕ್ಕೆ ಮೂರು ಗುಂಡಿಗಳು: ಭಯ, ಸಂಶಯ, ದ್ವೇಷ. ಯಾವುದನ್ನು ಒತ್ತಿದರೆ ಎದುರಿಗಿದ್ದವರಲ್ಲಿ ಅದು ಏಳುತ್ತದೆ. ಈ ಪಟ್ಟಿಯಲ್ಲಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವುದು ನಡುವಿನ ಗುಂಡಿ. ಭಯವೂ ದ್ವೇಷವೂ ಯಾರಿಗಾದರೂ ಹೊಳೆಯುತ್ತವೆ, ಸಂಶಯ ಹೊಳೆಯಬೇಕಾದರೆ ಮನುಷ್ಯರನ್ನು ಹತ್ತಿರದಿಂದ ನೋಡಿರಬೇಕು. ಭಯ ಬಿದ್ದವನು ಓಡುತ್ತಾನೆ, ದ್ವೇಷ ಹತ್ತಿದವನು ಹೊಡೆಯುತ್ತಾನೆ. ಸಂಶಯ ಹೊಕ್ಕವನು ಮಾತ್ರ ತನ್ನ ಮನಸ್ಸನ್ನೇ ನಂಬದೆ ಇದ್ದಲ್ಲೇ ಕುಸಿಯುತ್ತಾನೆ.

ಮುಂದೆ ಇದೇ ಮಾಲಿಕೆಯನ್ನು 1981ರಿಂದ 1986ರವರೆಗೆ ಬರೆದು ಚಿತ್ರಿಸಿದವರು ಜಾನ್ ಬರ್ನ್. 1984ರ 267ನೇ ಸಂಚಿಕೆಯಲ್ಲಿ ಅವರು ಮಾಲಿಕೆಯ ನಾಯಕಿ ಸೂಸನ್ ರಿಚರ್ಡ್ಸ್‌ಳ ಎರಡನೆಯ ಮಗುವಿನ ಸಾವನ್ನು ಬರೆದರು. ಹೆರಿಗೆ ಕಠಿಣವಾಗಿದೆ, ವಿಕಿರಣದ ತೊಡಕು ಬೇರೆ. ಗಂಡ ರೀಡ್ ಆ ವಿದ್ಯೆ ಬಲ್ಲ ಡಾಕ್ಟರ್ ಆಕ್ಟೋಪಸ್ ಎಂಬ ದುಷ್ಟನನ್ನೇ ಹುಡುಕಿಕೊಂಡು ಹೋಗಿ, ಹೇಗೋ ಮನವೊಲಿಸಿ ಆಸ್ಪತ್ರೆಗೆ ಕರೆತರುತ್ತಾನೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೂಪರ್‌ಹೀರೋ ಕಥೆಯಲ್ಲಿ ಅಷ್ಟೆಲ್ಲ ಓಡಾಡಿದ ಮೇಲೂ ಕೈ ಖಾಲಿಯಾಗಿ ಉಳಿಯುವುದು ಅಪರೂಪ. ಮರುವರ್ಷ, 280ನೇ ಸಂಚಿಕೆಯಲ್ಲಿ, ಸೈಕೋ-ಮ್ಯಾನ್‌ನ ದ್ವೇಷದ ಬಲೆ ಇದೇ ಹೆಂಗಸಿನ ಮೇಲೆ ಬೀಳುತ್ತದೆ. ಮೊನಚು ಮುಳ್ಳುಗಳ ದಿರಿಸು, ಮುಖಕ್ಕೆ ಮುಖವಾಡ, ಮಾಲಿಸ್ ಎಂಬ ಹೊಸ ಹೆಸರು. ಅವಳು ತನ್ನವರ ಮೇಲೆಯೇ ಎರಗುತ್ತಾಳೆ.

ಈ ಕಥೆಯ ಬಗ್ಗೆ ಪ್ರಚಲಿತವಿರುವ ಓದು ಇದು: 1961ರಿಂದಲೂ ‘ಇನ್‌ವಿಸಿಬಲ್ ಗರ್ಲ್’ ಎಂಬ ಹೆಸರಿನಡಿ ಹಿನ್ನೆಲೆಯಲ್ಲಿ ನಿಂತ, ಗಂಡನಿಂದ ಗದರಿಸಿಕೊಂಡ, ಒತ್ತೆಯಾಳಾಗಿ ಸಿಕ್ಕಿಬೀಳುತ್ತಲೇ ಬಂದ ಹೆಣ್ಣಿನ ಕೋಪವೇ ಮಾಲಿಸ್. ಸೈಕೋ-ಮ್ಯಾನ್ ಬಾಗಿಲು ತೆಗೆದ, ಕೋಪ ಹೊರಗೆ ಬಂತು. 284ನೇ ಸಂಚಿಕೆಯಲ್ಲಿ ಅವಳು ಹಳೆಯ ಹೆಸರನ್ನು ಬಿಟ್ಟು ‘ಇನ್‌ವಿಸಿಬಲ್ ವುಮನ್’ ಆದಳಲ್ಲ, ಅದಕ್ಕೆ ಕಾರಣ ಈ ಬಿಡುಗಡೆಯೇ. ಅಂದರೆ ಖಳ ಅವಳಿಗೆ ಉಪಕಾರ ಮಾಡಿದ.

ಸೂಸನ್‌ಗೆ ಕೋಪಗೊಳ್ಳಲು ಕಾರಣವಿತ್ತು, ಬೇಕಾದಷ್ಟಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಅದರಿಂದ ಎಳೆಯುವ ತೀರ್ಮಾನದ ಬಗ್ಗೆ.

‘ಒಳಗೆ ಇತ್ತು’ ಎನ್ನುವುದು ಯಾರ ವಿಷಯದಲ್ಲಿ ಸುಳ್ಳು? ಭರತಮುನಿ ಎಂಟು ಸ್ಥಾಯಿಭಾವಗಳನ್ನು ಹೇಳಿದ. ರತಿ, ಶೋಕ, ಕ್ರೋಧ, ಭಯ ಎಲ್ಲವೂ ಅದರಲ್ಲಿವೆ. ಅವು ಹುಟ್ಟಿದ ಪ್ರತಿಯೊಬ್ಬರಲ್ಲೂ ವಾಸನಾರೂಪವಾಗಿ ಇದ್ದೇ ಇರುತ್ತವೆ ಎಂದು ಅಭಿನವಗುಪ್ತ ಸ್ಪಷ್ಟಪಡಿಸಿದ. ಹಾಗೆ ಇಲ್ಲದಿದ್ದರೆ ನಾಟಕ ನೋಡಿ ಯಾರೂ ಅಳುತ್ತಿರಲಿಲ್ಲ. ಹೀಗಿರುವಾಗ ಒಬ್ಬಳ ಒಳಗೆ ಕ್ರೋಧವಿತ್ತು ಎಂಬುದು ಅವಳ ಬಗ್ಗೆ ನಮಗೆ ಏನನ್ನೂ ಹೇಳಿದಂತಾಗುವುದಿಲ್ಲ. ಎಲ್ಲರಲ್ಲೂ ಇರುವುದು ಇವಳಲ್ಲಿಯೂ ಇತ್ತು, ಅಷ್ಟೇ. ಅದನ್ನೇ ದೊಡ್ಡ ಶೋಧವೆಂಬಂತೆ ಮುಂದಿಟ್ಟು, ಅವಳ ನಿಜಸ್ವರೂಪ ಬಯಲಾಯಿತು ಎನ್ನುವುದು ತರ್ಕವಲ್ಲ.

ರಸದ ಮಾತು ಬಂದಾಗ ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಪ್ರೇಕ್ಷಕನ ಶೋಕವನ್ನು ಎಬ್ಬಿಸುವ ನಟನೂ ಒಳಗಿದ್ದದ್ದನ್ನೇ ಎಬ್ಬಿಸುತ್ತಾನೆ. ಆದರೆ ಪ್ರೇಕ್ಷಕ ತಾನಾಗಿ ಬಂದು ಕೂತಿದ್ದಾನೆ, ಇದು ನಾಟಕ ಎಂದು ಅವನಿಗೆ ಗೊತ್ತು, ಬೇಡವೆನಿಸಿದರೆ ಎದ್ದು ಹೋಗಬಹುದು. ಆ ಶೋಕದ ಭರದಲ್ಲಿ ಅವನು ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ಕೈಮಾಡುವುದಿಲ್ಲ. ಸೈಕೋ-ಮ್ಯಾನ್‌ನ ಪೆಟ್ಟಿಗೆಯ ಎದುರು ಈ ಯಾವ ಅವಕಾಶವೂ ಇಲ್ಲ.

ಇಲ್ಲಿ ಕಳೆದುಹೋಗುವುದು ಭಾವನೆಗೂ ಅದರ ಕಾರಣಕ್ಕೂ ಇರುವ ನಂಟು. ನಮ್ಮ ಕೋಪಕ್ಕೆ ಒಬ್ಬ ವ್ಯಕ್ತಿ ಇರುತ್ತಾನೆ, ಒಂದು ಸಂಗತಿ ಇರುತ್ತದೆ. ನನಗೆ ಇಂಥವನು ಇಂಥ ಅನ್ಯಾಯ ಮಾಡಿದ ಎಂಬ ತೀರ್ಪು ಕೋಪದ ಒಳಗೇ ಇರುತ್ತದೆ. ಆ ತೀರ್ಪು ತಪ್ಪೆಂದು ಗೊತ್ತಾದರೆ ಕೋಪ ಇಳಿಯುತ್ತದೆ, ಬಸ್ಸಿನಲ್ಲಿ ಕಾಲು ತುಳಿದವನು ಕುರುಡನೆಂದು ತಿಳಿದ ಕ್ಷಣ ನಮ್ಮ ಸಿಟ್ಟು ಇಳಿಯುವ ಹಾಗೆ. ಸೂಸನ್‌ಳ ದುಃಖಕ್ಕೆ ವಿಷಯವಿತ್ತು, ಮಗು ಸತ್ತಿತ್ತು. ರೀಡ್‌ನ ಮೇಲೆ ಮುನಿಸಿದ್ದರೆ ಅದಕ್ಕೂ ವಿಷಯವಿತ್ತು. ಗುಂಡಿಯಿಂದ ಎದ್ದ ದ್ವೇಷಕ್ಕೆ ವಿಷಯವಿಲ್ಲ. ಅದು ಎದುರಿಗೆ ಸಿಕ್ಕವರನ್ನು ಹಿಡಿದುಕೊಳ್ಳುತ್ತದೆ. ಯಾವ ಸಮಾಧಾನದ ಮಾತೂ ಅದನ್ನು ಇಳಿಸಲಾರದು, ಏಕೆಂದರೆ ಯಾವ ತೀರ್ಪಿನಿಂದಲೂ ಅದು ಏರಿದ್ದಲ್ಲ. ಅವಳ ನೋವನ್ನು ಕದ್ದು, ಅದರ ಕಾರಣವನ್ನು ಕಿತ್ತುಹಾಕಿ, ತನ್ನ ಕೆಲಸಕ್ಕೆ ಬಳಸಿಕೊಂಡ ಕಳ್ಳತನವನ್ನು ಬಿಡುಗಡೆ ಎಂದು ಕರೆಯುವುದು ಹೇಗೆ?

ಬರ್ನ್ ಕೂಡ ಇಲ್ಲಿ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. 281ನೇ ಸಂಚಿಕೆಯಲ್ಲಿ ರೀಡ್ ಹೆಂಡತಿಯನ್ನು ಬಿಡಿಸುವುದು ಬೇಕೆಂದೇ ಅವಳನ್ನು ಹೀಯಾಳಿಸಿ, ಕೆಣಕಿ, ತನ್ನ ಮೇಲೆ ನಿಜವಾದ ದ್ವೇಷ ಹುಟ್ಟುವಂತೆ ಮಾಡಿ. ನಿಜವಾದದ್ದು ಹುಟ್ಟಿದಾಗ ಸುಳ್ಳಿನದು ಕಳಚುತ್ತದೆ. ಭಾವನೆಯ ದೃಷ್ಟಿಯಿಂದ ಇದು ಚುರುಕಾದ ಉಪಾಯ, ನನ್ನ ವಾದಕ್ಕೂ ಇದು ಸಾಕ್ಷಿ: ಕಥೆಯೇ ಎರಡು ದ್ವೇಷಗಳನ್ನು ಬೇರೆಬೇರೆ ಎಂದು ಹೇಳುತ್ತಿದೆ. ಆದರೆ ರೀಡ್ ಮಾಡಿದ್ದೂ ಗುಂಡಿ ಒತ್ತುವ ಕೆಲಸವೇ ಅಲ್ಲವೇ ಎಂದು ಯಾರಾದರೂ ಕೇಳಬೇಕಿತ್ತು. ಆ ಪ್ರಶ್ನೆಯನ್ನು ಕಥೆ ಕೇಳಲಿಲ್ಲ. 284ರಲ್ಲಿ ಸೂಸನ್ ಸೈಕೋ-ಮ್ಯಾನ್‌ನನ್ನು ಒಬ್ಬಳೇ ಎದುರಿಸಿ, ಅವನ ಯಂತ್ರವನ್ನು ಅವನ ಮೇಲೆಯೇ ತಿರುಗಿಸುತ್ತಾಳೆ. ಹೊಸ ಹೆಸರನ್ನು ಆಯ್ದುಕೊಂಡದ್ದು ಆಮೇಲೆ, ಬುದ್ಧಿ ಸ್ವಾಧೀನದಲ್ಲಿದ್ದಾಗ, ತನಗೆ ಏನಾಯಿತು ಎಂಬುದನ್ನು ತೂಗಿ ನೋಡಿ. ಆ ಬಲ ಅವಳದು. ಅದರಲ್ಲಿ ಖಳನಿಗೆ ಪಾಲು ಕೊಡುವವರು ಗಾಯ ಮಾಡಿದವನಿಗೆ ಗಾಯ ಮಾಯಿಸಿದ ಕೀರ್ತಿ ಕೊಡುತ್ತಿದ್ದಾರೆ. 1990ರ ದಶಕದ ಆರಂಭದಲ್ಲಿ ಬಂದ ಬೇರೆ ಲೇಖಕರು ಮಾಲಿಸ್‌ಳನ್ನು ಸೂಸನ್‌ಳ ಮನಸ್ಸಿನೊಳಗೆ ಅಡಗಿದ್ದ ಇನ್ನೊಂದು ವ್ಯಕ್ತಿತ್ವವಾಗಿ ಮರಳಿ ತಂದರು. ತಪ್ಪು ಓದು ಅಲ್ಲಿಗೆ ಕಥೆಯೊಳಗೇ ಬಂದು ಕೂತಿತು.

ಈ ಓದು ಎಷ್ಟು ಕೇಡು ಮಾಡಬಲ್ಲದು ಎಂಬುದಕ್ಕೆ ಮಾರ್ವೆಲ್‌ನ ಇತಿಹಾಸದಲ್ಲೇ ಒಂದು ಸಂಚಿಕೆ ಇದೆ. 1980ರ ‘ಅವೆಂಜರ್ಸ್’ 200. ಜಾರ್ಜ್ ಪೆರೆಜ್ ಅವರ ಚಿತ್ರಗಳು, ಕಥೆಗೆ ಜಿಮ್ ಶೂಟರ್, ಡೇವಿಡ್ ಮಿಶಲೀನಿ, ಬಾಬ್ ಲೇಟನ್ ಮುಂತಾದವರ ಹೆಸರುಗಳು. ಮಿಸ್ ಮಾರ್ವೆಲ್, ಅಂದರೆ ಕ್ಯಾರೊಲ್ ಡ್ಯಾನ್ವರ್ಸ್, ಹೇಗೆಂದು ತಿಳಿಯದೆಯೇ ಬಸಿರಾಗಿದ್ದಾಳೆ. ಕೆಲವೇ ದಿನಗಳಲ್ಲಿ ಹೆರಿಗೆಯೂ ಆಗುತ್ತದೆ. ಮಗು ನೋಡನೋಡುತ್ತಿದ್ದಂತೆ ಬೆಳೆದು ಗಂಡಸಾಗಿ, ತಾನು ಮಾರ್ಕಸ್, ಇಮ್ಮಾರ್ಟಸ್‌ನ ಮಗ ಎನ್ನುತ್ತಾನೆ. ಲಿಂಬೋ ಎಂಬ ಕಾಲಾತೀತ ಲೋಕದಲ್ಲಿ ಒಂಟಿಯಾಗಿದ್ದ ಅವನು ಭೂಮಿಗೆ ಬರುವ ದಾರಿ ಹುಡುಕಿ, ಕ್ಯಾರೊಲ್‌ಳನ್ನು ಅಲ್ಲಿಗೆ ಎಳೆದುಕೊಂಡಿದ್ದ. ಕವಿತೆ, ಸಂಗೀತ, ಉಡುಗೆಗಳಿಂದ ಒಲಿಸಲು ನೋಡಿದ. ಸಾಲದ್ದಕ್ಕೆ ತಂದೆಯ ಯಂತ್ರಗಳ ನೆರವನ್ನೂ ಸ್ವಲ್ಪ ಪಡೆದ. ಆಮೇಲೆ ತನ್ನನ್ನೇ ಅವಳ ಗರ್ಭದಲ್ಲಿಟ್ಟು, ನೆನಪನ್ನು ಅಳಿಸಿ ವಾಪಸು ಕಳಿಸಿದ. ಇದೆಲ್ಲವನ್ನೂ ಅವನು ಅವೆಂಜರ್ಸ್‌ನವರ ಎದುರು ಬಾಯಿಬಿಟ್ಟು ಹೇಳುತ್ತಾನೆ. ಯಂತ್ರದ ವಿಷಯವನ್ನೂ ಮುಚ್ಚಿಡುವುದಿಲ್ಲ.

ಕೇಳಿಸಿಕೊಂಡವರು ಭೂಮಿಯನ್ನು ಕಾಯುವ ವೀರರು. ಅವರಲ್ಲಿ ಒಬ್ಬರೂ ಆ ಯಂತ್ರದ ಬಗ್ಗೆ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ತನಗೆ ಅವನ ಮೇಲೆ ಒಲವು ಮೂಡುತ್ತಿದೆ, ಜೊತೆಗೆ ಹೋಗುತ್ತೇನೆ ಎಂದು ಕ್ಯಾರೊಲ್ ಹೇಳಿದ್ದೇ ಅವರಿಗೆ ಸಾಕಾಗುತ್ತದೆ. ಕಳಿಸಿಕೊಡುತ್ತಾರೆ. ಅವಳು ಅಲ್ಲಿ ಸುಖವಾಗಿರಲಿ ಎಂಬ ಹಾರೈಕೆಯೊಂದಿಗೆ ಸಂಚಿಕೆ ಮುಗಿಯುತ್ತದೆ. ಆ ಕೊನೆಯ ಪುಟವನ್ನು ನಾನು ಸಮಾಧಾನದಿಂದ ಓದಲಾರೆ. ಅವಳ ಬಾಯಿಂದ ಬಂದ ಮಾತು ಅವಳದೇ ಎಂದು ನಂಬಲು, ಆ ಮಾತನ್ನು ಅಲ್ಲಿ ಇಟ್ಟವನು ಎದುರಿಗೇ ನಿಂತಿದ್ದರೂ, ಎಲ್ಲರೂ ಸಿದ್ಧರಿದ್ದರು. ಬರೆದವರು, ತಿದ್ದಿದವರು, ಮುದ್ರಿಸಿದವರು ಎಲ್ಲರಿಗೂ ಇದು ಪ್ರೇಮಕಥೆಯಾಗಿ ಕಂಡಿತು.

ಕ್ಯಾರೊಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಓದುಗರಿಗೆ ಹಾಗೆ ಕಾಣಲಿಲ್ಲ. ಇದು ಅತ್ಯಾಚಾರ ಎಂದು ಶೀರ್ಷಿಕೆಯಲ್ಲೇ ಹೇಳಿ ಅವರು ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಮಿಸ್ ಮಾರ್ವೆಲ್ ಕಥೆಗಳನ್ನು ಹಿಂದೆ ಬಹುಕಾಲ ಬರೆದಿದ್ದ ಕ್ರಿಸ್ ಕ್ಲೇರ್‌ಮಾಂಟ್‌ಗೂ ಹಾಗೆ ಕಾಣಲಿಲ್ಲ. 1981ರ ‘ಅವೆಂಜರ್ಸ್’ ವಾರ್ಷಿಕ ಸಂಚಿಕೆ 10ರಲ್ಲಿ, ಮೈಕಲ್ ಗೋಲ್ಡನ್ ಅವರ ಚಿತ್ರಗಳೊಂದಿಗೆ, ಅವರು ಉತ್ತರ ಬರೆದರು. ಮಾರ್ಕಸ್ ಲಿಂಬೋದಲ್ಲಿ ಮುಪ್ಪಾಗಿ ಸತ್ತಿದ್ದಾನೆ, ಕ್ಯಾರೊಲ್ ಹೇಗೋ ಭೂಮಿಗೆ ಮರಳಿದ್ದಾಳೆ, ಆದರೆ ಹಳೆಯ ಗೆಳೆಯರ ಬಳಿಗೆ ಹೋಗಿಲ್ಲ. ರೋಗ್ ಎಂಬ ಹುಡುಗಿ ಅವಳ ಶಕ್ತಿಯನ್ನೂ ನೆನಪುಗಳನ್ನೂ ಹೀರಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆಯಿಂದ ಕೆಳಕ್ಕೆ ಎಸೆದಾಗ ಸ್ಪೈಡರ್-ವುಮನ್ ಕಾಪಾಡುತ್ತಾಳೆ. ಕೊನೆಯಲ್ಲಿ ಅವೆಂಜರ್ಸ್‌ನವರು ಅವಳನ್ನು ನೋಡಲು ಬರುತ್ತಾರೆ. ಅವಳು ಅವರನ್ನು ಅಪ್ಪಿಕೊಳ್ಳುವುದಿಲ್ಲ. ಆ ದಿನ ನನಗೆ ನೀವು ಬೇಕಾಗಿದ್ದಿರಿ, ನೀವು ಕೇಳಬೇಕಿದ್ದ ಪ್ರಶ್ನೆ ಕೇಳಲಿಲ್ಲ ಎಂಬ ಅರ್ಥದಲ್ಲಿ ಎಲ್ಲವನ್ನೂ ಅವರ ಮುಖಕ್ಕೆ ಹೇಳುತ್ತಾಳೆ. ಅವರು ತಲೆತಗ್ಗಿಸಿ ಕೇಳುತ್ತಾರೆ. ಪ್ರಕಟವಾದ ತಪ್ಪನ್ನು ಪ್ರಕಟವಾಗಿಯೇ ತಿದ್ದಿದ ಇಂಥ ಪುಟಗಳು ಈ ಮಾಧ್ಯಮದಲ್ಲಿ ಬಹಳ ಇಲ್ಲ.

ಮುಂದಿನ ಎಕ್ಸ್-ಮೆನ್ ಕಥೆಗಳಲ್ಲಿ ಕ್ಲೇರ್‌ಮಾಂಟ್ ಇನ್ನೊಂದು ಹೆಜ್ಜೆ ಹೋದರು. ಪ್ರೊಫೆಸರ್ ಎಕ್ಸ್ ಕ್ಯಾರೊಲ್‌ಗೆ ನೆನಪುಗಳನ್ನು ಮರಳಿಸುತ್ತಾನೆ, ಆದರೆ ಅವುಗಳೊಂದಿಗೆ ಇರಬೇಕಾದ ಭಾವನೆಗಳು ಬರುವುದಿಲ್ಲ. ತಂದೆತಾಯಿಯ ನೆನಪಿದೆ, ಅವರ ಮೇಲಿನ ಮಮತೆ ಎದೆಯಲ್ಲಿ ಏಳುವುದಿಲ್ಲ. ಯಂತ್ರ ಕೊಟ್ಟ ಪ್ರೀತಿಯಲ್ಲಿ ಭಾವನೆಯಿತ್ತು, ಅದಕ್ಕೆ ಬದುಕಿನ ಬೇರಿರಲಿಲ್ಲ. ಈಗ ಬದುಕಿದೆ, ಭಾವನೆಯಿಲ್ಲ. ಎರಡರಲ್ಲೂ ಅವಳು ಅರ್ಧ ಮನುಷ್ಯಳಾದಳು. ಭಾವನೆ ಒಳಗೆ ಕೂಡಿಟ್ಟ ಸರಕು, ಯಾರು ಬೇಕಾದರೂ ತೆಗೆದು ತೋರಿಸಬಹುದು ಎನ್ನುವವರು ಈ ಕಥೆಯ ಮುಂದೆ ನಿಂತು ಉತ್ತರ ಹೇಳಲಿ.

‘ಒಳಗೇ ಇತ್ತು’ ಎಂಬ ಮಾತು ಎಲ್ಲರಿಗೂ ಒಂದೇ ಸಮನಾಗಿ ಅನ್ವಯವಾಗುವುದೂ ಇಲ್ಲ. 2012ರ ‘ದಿ ಅವೆಂಜರ್ಸ್’ ಚಲನಚಿತ್ರ ನೋಡಿದವರಿಗೆ ನೆನಪಿರಬಹುದು, ಲೋಕಿಯ ದಂಡ ಎದೆಗೆ ತಾಗಿದ ಮೇಲೆ ಹಾಕ್‌ಐ ತನ್ನ ಸಂಗಡಿಗರ ಮೇಲೆಯೇ ಬಾಣ ಬಿಡುತ್ತಾನೆ. ಮಂಪರು ಇಳಿದ ಮೇಲೆ ನತಾಶಾ ಪಕ್ಕದಲ್ಲಿ ಕೂತು ಅವನನ್ನು ಸಂತೈಸುತ್ತಾಳೆ. ಪ್ರೇಕ್ಷಕರೂ ಅವಳ ಜೊತೆಗೇ ಅವನನ್ನು ಕ್ಷಮಿಸುತ್ತಾರೆ. ಸಹೋದ್ಯೋಗಿಗಳನ್ನು ಕೊಲ್ಲುವ ಆಸೆ ಅವನಲ್ಲಿ ಅಡಗಿತ್ತು ಎಂಬ ಆಳವಾದ ಓದು ಅಲ್ಲಿ ಬಳಕೆಗೆ ಬರುವುದಿಲ್ಲ. 200ನೇ ಸಂಚಿಕೆಯಲ್ಲಿ ಕ್ಯಾರೊಲ್‌ಳನ್ನು ಬೀಳ್ಕೊಟ್ಟವರ ಗುಂಪಿನಲ್ಲಿ ಇದೇ ಹಾಕ್‌ಐ ಇದ್ದ. ಗಂಡಸಿನ ಕೈಯಿಂದ ಕೊಲೆ ನಡೆದಾಗ ಅದು ಪರವಶತೆ. ಹೆಂಗಸಿನ ಬಾಯಿಂದ ಒಲವಿನ ಮಾತು ಹೊರಟಾಗ, ಹೆಂಡತಿ ಗಂಡನ ಮೇಲೆ ಸಿಡಿದಾಗ, ಅದು ಅಂತರಂಗದ ಸತ್ಯ. ಈ ಭೇದವನ್ನು ಒಮ್ಮೆ ಕಂಡವರು ಮತ್ತೆ ಕಾಣದೆ ಇರಲಾರರು.

ಸ್ಟಾರ್‌ಫಾಕ್ಸ್‌ನ ಉದಾಹರಣೆಯೂ ಇದೆ. ಜಿಮ್ ಸ್ಟಾರ್ಲಿನ್ 1973ರಲ್ಲಿ ಸೃಷ್ಟಿಸಿದ ಈರೋಸ್, ಥಾನೋಸ್‌ನ ತಮ್ಮ. ಎದುರಿಗಿದ್ದವರ ಮಿದುಳಿನಲ್ಲಿ ಸುಖವನ್ನು ಎಬ್ಬಿಸುವುದು ಅವನ ಶಕ್ತಿ. 1983ರಲ್ಲಿ ಅವನು ಅವೆಂಜರ್ಸ್ ಸೇರಿದ, ಹೀರೋ ಎನಿಸಿಕೊಂಡ. ಸೈಕೋ-ಮ್ಯಾನ್‌ನ ಕೈಯಲ್ಲಿದ್ದಾಗ ಭಯಾನಕವಾದದ್ದು ನಗುಮುಖದವನ ಕೈಗೆ ಬಂದಾಗ ರಸಿಕತೆಯಾಯಿತು. 2006ರ ‘ಷೀ-ಹಲ್ಕ್’ ಸಂಚಿಕೆಗಳಲ್ಲಿ ಡ್ಯಾನ್ ಸ್ಲಾಟ್ ಅವನನ್ನು ನ್ಯಾಯಾಲಯದ ಕಟಕಟೆಗೆ ತಂದು ನಿಲ್ಲಿಸುವವರೆಗೆ, ಈ ಶಕ್ತಿಯನ್ನು ಹೆಂಗಸರ ಮೇಲೆ ಹೇಗೆ ಬಳಸಿದ್ದಾನೆ ಎಂಬ ಪ್ರಶ್ನೆಯನ್ನು ಕಥೆಗಳು ಗಂಭೀರವಾಗಿ ಕೇಳಲೇ ಇಲ್ಲ. 2021ರ ‘ಎಟರ್ನಲ್ಸ್’ ಚಿತ್ರದ ಕೊನೆಯಲ್ಲಿ ಹ್ಯಾರಿ ಸ್ಟೈಲ್ಸ್ ಈ ಪಾತ್ರವಾಗಿ ಕಾಣಿಸಿಕೊಂಡಾಗ ಅವನನ್ನು ಪರಿಚಯಿಸಿದ ಧಾಟಿ ಮತ್ತೆ ಹಳೆಯದೇ.

ಈಗ ಕಿಲ್‌ಗ್ರೇವ್. 1964ರಲ್ಲಿ ‘ಡೇರ್‌ಡೆವಿಲ್’ನ ನಾಲ್ಕನೇ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಜೋ ಆರ್ಲಾಂಡೊ ತಂದ, ಬರೀ ಆಜ್ಞೆಯಿಂದ ಪರರನ್ನು ಆಡಿಸುವ ಪರ್ಪಲ್ ಮ್ಯಾನ್. ಬಹುಕಾಲ ಅವನು ಎರಡನೇ ದರ್ಜೆಯ ಖಳನಾಗಿಯೇ ಉಳಿದಿದ್ದ. ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಮೈಕಲ್ ಗೇಡೋಸ್ 2001ರಲ್ಲಿ ಆರಂಭಿಸಿದ ‘ಏಲಿಯಸ್’ ಮಾಲಿಕೆ ಅವನು ಏನು ಎಂಬುದನ್ನು ತೋರಿಸಿತು. ಜೆಸ್ಸಿಕಾ ಜೋನ್ಸ್‌ಳನ್ನು ಅವನು ಎಂಟು ತಿಂಗಳು ತನ್ನ ವಶದಲ್ಲಿ ಇಟ್ಟುಕೊಂಡಿದ್ದ. ಬಿಡುಗಡೆಯಾಗಿ ವರ್ಷಗಳ ಮೇಲೆ ಅವಳು ಆ ಕಥೆಯನ್ನು ಲ್ಯೂಕ್ ಕೇಜ್‌ಗೆ ಹೇಳುವಾಗ ಅವಳನ್ನು ಹೆಚ್ಚು ಕಾಡುವುದು ಅವನು ಮಾಡಿಸಿದ ಕೆಲಸಗಳಲ್ಲ. ಅವನು ತನ್ನಲ್ಲಿ ಹುಟ್ಟಿಸಿದ್ದು ಯಾವುದು, ತನ್ನದೇ ಆದದ್ದು ಯಾವುದು ಎಂದು ಒಳಗಿನಿಂದ ಬೇರ್ಪಡಿಸಲು ಆಗುತ್ತಿಲ್ಲ ಎಂಬುದು. ಸೈಕೋ-ಮ್ಯಾನ್‌ನ ನಡುವಿನ ಗುಂಡಿ ಇದೇ. ‘ಒಳಗೇ ಇತ್ತು’ ಎನ್ನುವ ನಮ್ಮ ಓದು ಆ ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತದೆ.

2015ರ ‘ಜೆಸ್ಸಿಕಾ ಜೋನ್ಸ್’ ಸರಣಿಯಲ್ಲಿ ಕಿಲ್‌ಗ್ರೇವ್ ಆಗಿ ಡೇವಿಡ್ ಟೆನೆಂಟ್ ಎಷ್ಟು ಚೆನ್ನಾಗಿ ನಟಿಸಿದರೆಂದರೆ, ಅವನದು ತಪ್ಪುದಾರಿ ಹಿಡಿದ ಪ್ರೇಮ ಎನ್ನುವ ಅಭಿಮಾನಿಗಳು ಹುಟ್ಟಿಕೊಂಡರು. ಅವರು ಆ ಸರಣಿಯ ಒಂದು ದೃಶ್ಯವನ್ನು ಮತ್ತೆ ನೋಡಬೇಕು. ತನ್ನ ಆಜ್ಞೆಯ ಪ್ರಭಾವ ಇಳಿದ ಮೇಲೂ 18 ಸೆಕೆಂಡು ನೀನು ನನ್ನ ಜೊತೆಗೇ ಇದ್ದೆ, ಅದು ನಿನ್ನ ಆಯ್ಕೆಯಾಗಿತ್ತು ಎಂದು ಅವನು ಜೆಸ್ಸಿಕಾಳೊಂದಿಗೆ ವಾದಿಸುತ್ತಾನೆ. ಅವನ ನೆನಪಿನಲ್ಲಿ ಆ 18 ಸೆಕೆಂಡು ಪ್ರೇಮದ ಕ್ಷಣ. ಅವಳ ನೆನಪಿನಲ್ಲಿ ಅದು ಎತ್ತರದ ಅಂಚಿನಲ್ಲಿ ನಿಂತು ಹೇಗೆ ತಪ್ಪಿಸಿಕೊಳ್ಳಲಿ ಎಂದು ಯೋಚಿಸಿದ ಸಮಯ. ಅಷ್ಟರಲ್ಲಿ ಅವನು ಕರೆದ, ಕಾಲುಗಳು ತಾವಾಗಿ ಹಿಂದಕ್ಕೆ ಬಂದವು. ತಡಮಾಡಿದ್ದಕ್ಕೆ ಕಿವಿಯನ್ನು ತಾನೇ ಕುಯ್ದುಕೊಳ್ಳುವಂತೆ ಅವಳಿಗೆ ಆಜ್ಞೆಯಾಯಿತು. ಕಿವಿಯ ಹಿಂದಿನ ಗಾಯದ ಗುರುತನ್ನು ಅವಳು ತೋರಿಸುತ್ತಾಳೆ. ಒಳಗೆ ನಿನಗೆ ಇಷ್ಟವಿತ್ತು ಎಂದು ಸಾಧಿಸುತ್ತಿರುವವನು ಇಲ್ಲಿ ಖಳ. ವಿಮರ್ಶೆಯ ಹೆಸರಿನಲ್ಲಿ ನಾವು ಆಡುವ ಮಾತು ಅವನ ಬಾಯಿಯಲ್ಲಿ ಅಕ್ಷರಶಃ ಇದೆ.

ನನ್ನ ವಾದಕ್ಕೆ ಗಟ್ಟಿಯಾದ ಎದುರುವಾದವೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ಹೀಗೆ ಎಲ್ಲ ಹೊಣೆಯನ್ನೂ ಗುಂಡಿ ಒತ್ತಿದವನ ಮೇಲೆ ಹಾಕಿದರೆ, ದ್ವೇಷ ಮಾಡಿದ ಪ್ರತಿಯೊಬ್ಬನೂ ಯಾರೋ ಗುಂಡಿ ಒತ್ತಿದರು ಎಂದು ಜಾರಿಕೊಳ್ಳುವುದಿಲ್ಲವೇ? ಜಾರಿಕೊಳ್ಳುತ್ತಾನೆ, ಕಾಮಿಕ್ಸ್‌ನಲ್ಲಿ ಜಾರಿಕೊಂಡೂ ಇದ್ದಾರೆ. ಡಿಸಿ ಸಂಸ್ಥೆಯ ಗ್ರೀನ್ ಲ್ಯಾಂಟರ್ನ್ ಹ್ಯಾಲ್ ಜೋರ್ಡಾನ್ 1994ರಲ್ಲಿ ತನ್ನ ಸಂಗಾತಿಗಳ ಮೇಲೆಯೇ ತಿರುಗಿಬಿದ್ದ. 70 ಲಕ್ಷ ಜನರಿದ್ದ ಅವನ ಊರು ಕೋಸ್ಟ್ ಸಿಟಿ ಸುಟ್ಟು ಬೂದಿಯಾಗಿತ್ತು. ಆ ಕೋಪಕ್ಕೆ ಕಾರಣವಿತ್ತು, ವಿಷಯವಿತ್ತು, ಹಾಗಾಗಿಯೇ ಅವನ ಪತನ ಓದುಗರನ್ನು ಹಿಂಡಿತು. ಹತ್ತು ವರ್ಷಗಳ ಮೇಲೆ, 2004ರಲ್ಲಿ ಶುರುವಾದ ‘ರೀಬರ್ತ್’ ಕಥೆಯಲ್ಲಿ, ಪ್ಯಾರಲ್ಯಾಕ್ಸ್ ಎಂಬ ಭಯದ ಜೀವಿ ಅವನೊಳಗೆ ಹೊಕ್ಕು ಹಾಗೆ ಮಾಡಿಸಿತ್ತು ಎಂದು ಬರೆದರು. ಹ್ಯಾಲ್ ಮತ್ತೆ ಹೀರೋ ಆದ, ಕೈಗಳು ಶುಭ್ರವಾದವು. ಇದನ್ನೂ ನಾನು ಅಷ್ಟೇ ಬಲವಾಗಿ ಖಂಡಿಸುತ್ತೇನೆ. ಗುಂಡಿಯೇ ಇಲ್ಲದ ಕಡೆ ಗುಂಡಿಯೊಂದನ್ನು ತಂದು ಕೂರಿಸಿದ್ದು ಅದು.

ಈ ತಪ್ಪು ಹೊಸದೂ ಅಲ್ಲ. 1963ರ ಕೊನೆಯಲ್ಲಿ ಬಂದ ‘ಫೆಂಟಾಸ್ಟಿಕ್ ಫೋರ್’ 21ರಲ್ಲಿ ಹೇಟ್-ಮಂಗರ್ ಎಂಬ ಖಳ ವಿದೇಶೀಯರ ವಿರುದ್ಧ ಗುಂಪುಗಳನ್ನು ಕೆರಳಿಸುತ್ತಾನೆ, ದ್ವೇಷದ ಕಿರಣ ಬಿಡುತ್ತಾನೆ. ಕೊನೆಗೆ ಮುಸುಕು ತೆಗೆದರೆ ಒಳಗೆ ಹಿಟ್ಲರನ ಮುಖ. ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಹೋರಾಡಿ ಬಂದ ಯಹೂದಿ ಕರ್ಬಿ ಇದನ್ನು ಎಂಥ ಸಂಕಟದಿಂದ ಚಿತ್ರಿಸಿರಬಹುದೆಂದು ಊಹಿಸಬಲ್ಲೆ. ಆದರೂ ಕಿರಣದ ಉಪಾಯ ಅಲ್ಲಿ ಸಲ್ಲದು. ನಿಜವಾದ ಹಿಟ್ಲರನ ಬಳಿ ಕಿರಣವಿರಲಿಲ್ಲ. ಭಾಷಣವಿತ್ತು, ರೇಡಿಯೋ ಇತ್ತು, ಪತ್ರಿಕೆಗಳಿದ್ದವು, ಕೇಳಿದವರಿಗೆ ಇಲ್ಲವೆನ್ನಲು ಬಾಯಿತ್ತು.

ನಮ್ಮ ಕೈಕೇಯಿಯನ್ನು ನೋಡಿ. ರಾಮನ ಪಟ್ಟಾಭಿಷೇಕದ ಸುದ್ದಿ ಕೇಳಿ ವಾಲ್ಮೀಕಿಯ ಕೈಕೇಯಿ ಮೊದಲು ಹಿಗ್ಗುತ್ತಾಳೆ, ಸುದ್ದಿ ತಂದ ಮಂಥರೆಗೆ ಒಡವೆ ಕೊಡುತ್ತಾಳೆ. ಮಂಥರೆ ಕೊಂಕು ನುಡಿದಾಗ ರಾಮನ ಗುಣಗಳನ್ನು ಹೇಳಿ ಎದುರಾಡುತ್ತಾಳೆ. ಮಂಥರೆ ಕಾರಣದ ಮೇಲೆ ಕಾರಣ ಜೋಡಿಸುತ್ತಾಳೆ, ಕೈಕೇಯಿ ಕೇಳುತ್ತಾ ಕೇಳುತ್ತಾ ಒಪ್ಪಿಕೊಳ್ಳುತ್ತಾಳೆ. ಮಾತಿಗೆ ಮಾತು ಕೊಡಲು ಅಲ್ಲಿ ಎಡೆಯಿತ್ತು. ಹಾಗಾಗಿ ಕೈಕೇಯಿಯ ಪಾಲಿನ ಹೊಣೆ ಕೈಕೇಯಿಯದು. ಕ್ಯಾರೊಲ್‌ಗೆ ಆ ಎಡೆ ಇರಲಿಲ್ಲ, ಸೂಸನ್‌ಗೂ ಇರಲಿಲ್ಲ. ಎದುರಾಡುವ ಶಕ್ತಿಯನ್ನೇ ಮೊದಲು ಕಿತ್ತುಕೊಂಡರೋ, ಅದನ್ನು ಉಳಿಸಿ ಮಾತಾಡಿದರೋ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಭಾವನೆ ಒಳಗಿತ್ತೋ ಇಲ್ಲವೋ ಎಂಬುದರಿಂದ ಏನೂ ಇತ್ಯರ್ಥವಾಗುವುದಿಲ್ಲ.

ಇದು ಬರೀ ಕಾಮಿಕ್ ಪುಸ್ತಕದ ಜಗಳ ಎಂದುಕೊಳ್ಳುವವರಿಗಾಗಿ ಒಂದು ನಡೆದ ಸಂಗತಿ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರಿಗೆ ಕಾಣುವ ಬರಹಗಳನ್ನು ಸದ್ದಿಲ್ಲದೆ ಸೋಸಿತು. ಕೆಲವರಿಗೆ ಗೆಳೆಯರ ಖುಷಿಯ ಮಾತುಗಳು ಕಡಿಮೆ ಕಂಡವು, ಕೆಲವರಿಗೆ ದುಃಖದವು. ಅದರಿಂದ ಅವರು ತಾವೇ ಬರೆಯುವ ಮಾತುಗಳು ಆ ಕಡೆಗೆ ವಾಲುತ್ತವೆಯೇ ಎಂದು ಅಳೆಯಲಾಯಿತು. ಪರಿಣಾಮ ಬಹಳ ಸಣ್ಣದು, ಆದರೂ ಇತ್ತು. ಯಾರನ್ನೂ ಮುಂಚಿತವಾಗಿ ಬಿಡಿಸಿ ಕೇಳಿರಲಿಲ್ಲ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಗದ್ದಲವೆದ್ದಿತು, ಒಪ್ಪಿಗೆಯ ವಿಷಯದಲ್ಲಿ ಪತ್ರಿಕೆಯ ಸಂಪಾದಕರೇ ಕಳವಳ ವ್ಯಕ್ತಪಡಿಸಬೇಕಾಯಿತು. ತೋರಿಸಿದ ಬರಹಗಳೆಲ್ಲ ನಿಜವಾದವೇ, ಗೆಳೆಯರು ಬರೆದವೇ, ಹೊಸದಾಗಿ ಏನನ್ನೂ ಸೇರಿಸಿರಲಿಲ್ಲ. ಇದ್ದದ್ದನ್ನೇ ಸ್ವಲ್ಪ ಆಯ್ದು ತೋರಿಸಲಾಗಿತ್ತು. ಈ ಸಮರ್ಥನೆಯನ್ನು ಮಾರ್ಕಸ್ ಕೇಳಿದ್ದರೆ ಗುರುತಿಸುತ್ತಿದ್ದ.

ಕಥೆಗಳಲ್ಲಿ ಈ ಖಳರು ಕಟ್ಟಡ ಉರುಳಿಸುವುದಿಲ್ಲ, ಗ್ರಹ ಒಡೆಯುವುದಿಲ್ಲ. ಹಾಗಾಗಿ ಅವರನ್ನು ಥಾನೋಸ್‌ಗಿಂತ, ಡಾರ್ಕ್‌ಸೈಡ್‌ಗಿಂತ ಕೆಳಗೆ ಕೂರಿಸುವ ರೂಢಿಯಿದೆ. ನಾನು ಅವರನ್ನು ಎಲ್ಲರಿಗಿಂತ ಮೇಲೆ ಕೂರಿಸುತ್ತೇನೆ. ಒಡೆದ ನಗರದಲ್ಲಿ ಬದುಕುಳಿದವರಿಗೆ ಒಡೆದವರು ಯಾರೆಂದು ಗೊತ್ತಿರುತ್ತದೆ. ಇವರ ಕೈಗೆ ಸಿಕ್ಕವರು ತಮ್ಮನ್ನೇ ಅನುಮಾನಿಸುತ್ತಾ ಉಳಿಯುತ್ತಾರೆ, ಸುತ್ತಲಿನವರು ಆ ಅನುಮಾನಕ್ಕೆ ತಮ್ಮದೂ ಒಂದು ಮಾತು ಸೇರಿಸುತ್ತಾರೆ.

ಯಾರಾದರೂ ನಿಮಗೆ ‘ಅವೆಂಜರ್ಸ್’ 200 ಓದಲು ಕೊಟ್ಟರೆ, 1981ರ ವಾರ್ಷಿಕ ಸಂಚಿಕೆಯನ್ನೂ ಕೇಳಿ ಪಡೆಯಿರಿ. ಅದರ ಕೊನೆಯ ಪುಟಗಳಲ್ಲಿ ಕ್ಯಾರೊಲ್ ಆಡಿದ ಮಾತುಗಳನ್ನು ಓದುವ ಮೊದಲು, ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಲು ಹೋಗಬೇಡಿ.